ಹುಲ್ಲಿನ ಮೇಲೆ ಯಾರೂ ಕೂರಬೇಡಿ

ಇಸ್ಮಾಯಿಲಿಯಾ ಪಟ್ಟಣದಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಸಿಹಿನೀರಿನ ಕಾಲುವೆಯ ದಂಡೆಯ ಸಾರ್ವಜನಿಕ ತೋಟಕ್ಕೆ ಬರುವ ಕೆಲಸದಾಕೆ ಇತಿದಾಲ್ ಮೊದಲು ನೋಡುವುದು ಹುಲ್ಲನ್ನಲ್ಲ, ಗಾಳಿಯನ್ನು. ತಲೆವಸ್ತ್ರದ ತುದಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿಯುತ್ತಾರೆ. ಅದು ಅಲುಗದೆ ಜೋತುಬಿದ್ದರೆ ಮಾತ್ರ ಚೀಲದ ಬಾಯಿ ಬಿಚ್ಚುತ್ತಾರೆ.

ಮೂಗು ಬಾಯಿ ಮುಚ್ಚುವಂತೆ ಬಿಗಿದ ಬಟ್ಟೆ, ಮೊಣಕೈವರೆಗೆ ರಬ್ಬರಿನ ಗವಸು, ಕಾಲಿಗೆ ಮಗನ ಹಳೆಯ ಬೂಟು. ಸಾಸಿವೆ ಗಾತ್ರದ ನೀಲಿ ಹರಳುಗಳು ಎರಡು ಚಕ್ರದ ತಳ್ಳುಗಾಡಿಯ ಡಬ್ಬಿಗೆ ಸರ್ರನೆ ಇಳಿಯುತ್ತವೆ. ಗಾಡಿ ಮುಂದೆ ಹೋದಂತೆ ಹರಳು ಎರಡೂ ಬದಿಗೆ ಚಿಮ್ಮಿ ಹುಲ್ಲಿನ ಬುಡಕ್ಕೆ ಬೀಳುತ್ತದೆ. ಇಷ್ಟು ವರ್ಷಗಳಾದ ಮೇಲೂ ಅವರು ಗಾಡಿಯನ್ನು ತೋಳುದ್ದ ದೂರ ಹಿಡಿದೇ ತಳ್ಳುತ್ತಾರೆ.

“ಹೆದರಿಕೆ ಹೋಗಿಲ್ಲ. ಹೋಗೋದೂ ಬೇಡ,” ಎನ್ನುತ್ತಾರೆ. “ಹೆದರಿಕೆ ಬಿಟ್ಟವರ ಕೈಗೆ ಈ ಚೀಲ ಕೊಡಬಾರದು.”

ಹುಲ್ಲಿನ ವೈರಿ ಮಣ್ಣಿನೊಳಗಿದೆ. ಮುಂಗಾಲಿಗೆ ಸಲಿಕೆ ಕಟ್ಟಿಕೊಂಡಂತಿರುವ ಕಂದು ಹುಳು. ಇಲ್ಲಿನವರು ಅದನ್ನು ‘ಅಗೆಯುವವನು’ ಎಂದೇ ಕರೆಯುತ್ತಾರೆ. ಬೇರು ಕತ್ತರಿಸುತ್ತಾ ಸುರಂಗ ತೋಡುತ್ತದೆ. ಮೊನ್ನೆ ಹಸಿರಾಗಿದ್ದ ಜಾಗ ಇಂದು ಹಳದಿ. ಕೈಹಾಕಿ ಎಳೆದರೆ ಹುಲ್ಲು ಚಾಪೆಯಂತೆ ಸುರುಳಿ ಸುತ್ತಿಕೊಂಡು ಬರುತ್ತದೆ. ಅನುಮಾನ ಬಂದ ಕಡೆ ಇತಿದಾಲ್ ಸೋಪಿನ ನೀರು ಸುರಿದು ಕಾಯುತ್ತಾರೆ. ಹುಳುಗಳು ಉಸಿರುಗಟ್ಟಿ ಮೇಲೆ ಬಂದರೆ ಹರಳು ಹಾಕಲೇಬೇಕು. ಹಾಕಿದ ಬೆನ್ನಿಗೇ ನೀರು ಬಿಡಬೇಕು. ಔಷಧಿ ಮಣ್ಣಿಗಿಳಿದರೆ ಹುಳುವಿನ ಪಾಲು. ಮೇಲೇ ಉಳಿದರೆ ಯಾರ ಪಾಲೋ.

ಮೊದಲು ಅವರು ಊರಾಚೆಯ ಮಾವಿನ ತೋಪುಗಳಲ್ಲಿ ಕೂಲಿ ಮಾಡುತ್ತಿದ್ದರು. ಗಂಡನ ಸೊಂಟ ಬಿದ್ದ ಮೇಲೆ ವರ್ಷವಿಡೀ ಸಿಗುವ ಕೆಲಸವೆಂದು ಇಲ್ಲಿಗೆ ಬಂದರು. ಬಂದ ಹೊಸತರಲ್ಲೇ, ಹರಳು ಹಾಕಿದ ಮರುದಿನ, ಒಂದು ಚಂದ್ರಮುಕುಟ ಹಕ್ಕಿ ರೆಕ್ಕೆ ಚೆಲ್ಲಿಕೊಂಡು ನಡುಗುತ್ತಾ ಬಿದ್ದಿತ್ತು. ಅಂಗೈಯಲ್ಲಿಟ್ಟುಕೊಂಡು ಕೂತರು. ಮಧ್ಯಾಹ್ನದ ಬಾಂಗಿಗೆ ಮೊದಲೇ ಅದು ತಣ್ಣಗಾಯಿತು. ಅಂದಿನಿಂದ ಮನೆಯಲ್ಲಿ ಅವರ ಕೆಲಸದ ಬಟ್ಟೆಗೆ ಬೇರೆ ಬಕೆಟ್ಟು. ಸ್ನಾನ ಮಾಡದೆ ಮೊಮ್ಮಕ್ಕಳನ್ನು ಮುಟ್ಟುವುದಿಲ್ಲ.

ಆದರೆ ಅವರು ತಡೆತಡೆದು ಹೇಳುವುದು ಬೇರೊಂದು ದಿನದ ಕಥೆ. ಶಮ್ ಅನ್ನಸೀಮ್ ಎಂಬ ವಸಂತದ ಹಬ್ಬಕ್ಕೆ ಒಂದೇ ದಿನ ಉಳಿದಿತ್ತು. ಹಬ್ಬದಂದು ಇಡೀ ಊರು ಉಪ್ಪುಮೀನು, ಹಸಿ ಈರುಳ್ಳಿ, ಬಣ್ಣದ ಮೊಟ್ಟೆ ಕಟ್ಟಿಕೊಂಡು ಈ ಹುಲ್ಲಿನ ಮೇಲೇ ಬಂದು ಕೂರುತ್ತದೆ. ದೊಡ್ಡ ಹುಲ್ಲುಹಾಸಿನ ನಡುವೆ ಹಳದಿ ತೇಪೆಗಳು ಎದ್ದಿದ್ದವು.

“ಈಗ ಬೇಡ ಸಾಹೇಬ್ರೇ, ಹಬ್ಬ ಮುಗೀಲಿ,” ಎಂದಿದ್ದರು ಇತಿದಾಲ್.

“ಹಾಕಿ, ನೀರು ಬಿಡು. ನಾಳೆ ಹೊತ್ತಿಗೆ ಏನೂ ಇರಲ್ಲ,” ಎಂದರು ತೋಟದ ಮೇಲ್ವಿಚಾರಕರು. “ಯಾರಾದ್ರೂ ಕೇಳಿದ್ರೆ ಗೊಬ್ಬರ ಅನ್ನು. ವಿಷ ಅನ್ನೋ ಮಾತು ಬಾಯಿಂದ ಬಂದ್ರೆ ನಾಳೆಯಿಂದ ಕೆಲಸಕ್ಕೆ ಬರಬೇಡ.”

ಅಂದು ಬೆಳಗಿನ ಜಾವವೇ ಇತಿದಾಲ್ ಹರಳು ಹಾಕಿದರು. ಪಂಪು ನೋಡಿಕೊಳ್ಳುವ ಶಹಾತಾ ನೀರು ಬಿಟ್ಟ. ಅರ್ಧ ಹುಲ್ಲು ನೆನೆದಿತ್ತು, ಪಂಪು ಎರಡು ಸಲ ಕೆಮ್ಮಿ ನಿಂತೇಹೋಯಿತು. ಶಹಾತಾ ಮೆಕ್ಯಾನಿಕ್ಕನ್ನು ಹುಡುಕಿಕೊಂಡು ಓಡಿದ. ಉಳಿದರ್ಧದಲ್ಲಿ ನೀಲಿ ಹರಳು ಒಣಗಿಕೊಂಡು ಹಾಗೇ ಬಿದ್ದಿತ್ತು. ಬಿಸಿಲೇರಿತು. ಹಬ್ಬದ ಮುನ್ನಾದಿನವೇ ಜನ ಬರತೊಡಗಿದರು.

ಇತಿದಾಲ್ ಮರದಿಂದ ಮರಕ್ಕೆ ಹಗ್ಗ ಕಟ್ಟಿದರು. “ಹುಲ್ಲು ಒದ್ದೆ ಇದೆ, ಕೂರಬೇಡಿ,” ಎಂದು ಕೂಗಿದರು.

“ಒದ್ದೆ ಎಲ್ಲಿದೆ ಚಿಕ್ಕಮ್ಮ? ನಿನ್ನ ಕನಸಿನಲ್ಲಾ?” ಎಂದು ಹುಡುಗನೊಬ್ಬ ನಕ್ಕ. “ಇವಳ ಅಪ್ಪನ ಮನೆ ಹುಲ್ಲು ನೋಡು,” ಎಂದಳು ಇನ್ನೊಬ್ಬಳು. ಆದರೂ ಗೊಣಗಿಕೊಂಡೇ ಆಚೆ ಹೋದರು. ಇತಿದಾಲ್ ಕಾಲುವೆಯಿಂದ ಡಬ್ಬಿಯಲ್ಲಿ ನೀರು ಹೊತ್ತು ತಂದು ಸುರಿಯತೊಡಗಿದರು. ಅಷ್ಟು ಹುಲ್ಲಿಗೆ ಆ ನೀರು ಎಲ್ಲಿಗೆ ಸಾಕು?

ಡಬ್ಬಿ ತುಂಬಿಕೊಂಡು ತಿರುಗಿದಾಗ ಆಚೆ ಬದಿಯಲ್ಲಿ, ಹಗ್ಗದೊಳಗೆ, ಒಂದು ಚಾಪೆ ಹಾಸಿತ್ತು. ರೀಹಾಮ್ ಎಂಬ ಎಳೆಯ ತಾಯಿ ಅತ್ತೆಯ ಜೊತೆ ಕೂತು ಚಹಾ ಬಗ್ಗಿಸುತ್ತಿದ್ದಳು. ಆಗಷ್ಟೇ ಅಂಬೆಗಾಲಿಡಲು ಕಲಿತಿದ್ದ ಅವಳ ಹೆಣ್ಣುಮಗು ರಿತಾಜ್ ಚಾಪೆಯಿಂದಾಚೆ ಹುಲ್ಲಿನಲ್ಲಿತ್ತು. ಮುಷ್ಟಿ ಬಾಯಲ್ಲಿತ್ತು.

“ಡಬ್ಬಿ ಎಲ್ಲಿ ಬಿಸಾಕಿದ್ನೋ ಗೊತ್ತಿಲ್ಲ. ಕಾಲು ನನ್ನದಲ್ಲ ಅನ್ನೋ ಹಾಗೆ ಓಡ್ತಿತ್ತು,” ಎನ್ನುತ್ತಾರೆ ಇತಿದಾಲ್.

ಮಗುವನ್ನು ಎತ್ತಿ ಮುಷ್ಟಿ ಬಿಡಿಸಿದರು. ಬೆವರಿದ ಅಂಗೈಗೆ ನೀಲಿ ಹರಳು ಅಂಟಿತ್ತು. ಬಾಯಿಗೆ ಬೆರಳು ಹಾಕಿ ಒರೆಸಿದರು. ಮಗು ಕಿರುಚಿತು.

“ಹುಚ್ಚೀ! ಬಿಡು ನನ್ನ ಮಗೂನ!” ಎಂದು ರೀಹಾಮ್ ಮೇಲೆ ಬಿದ್ದಳು.

“ಅದು ವಿಷ ಕಣಮ್ಮಾ,” ಎಂದರು ಇತಿದಾಲ್. “ಹುಳಕ್ಕೆ ಹಾಕಿದ ವಿಷ. ಕುಡಿಯೋ ನೀರು ಕೊಡು, ಬೇಗ!”

ಮಗುವಿನ ಕೈ ಬಾಯಿ ತೊಳೆದು, ಖಾಲಿ ಚೀಲವನ್ನು ಮಡಚಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡರು. ಏನು ವಿಷವೆಂದು ಡಾಕ್ಟರು ಕೇಳುತ್ತಾರೆ, ತಮಗೆ ಓದಲು ಬಾರದು. ದಾರಿಯಲ್ಲಿ ಸಿಕ್ಕವರಿಗೆಲ್ಲ “ಹುಲ್ಲಿಗೆ ವಿಷ ಹಾಕಿದೆ, ಏಳಿ!” ಎಂದು ಕೂಗುತ್ತಲೇ ಆಟೋ ಹತ್ತಿದರು. ಆಟೋದಲ್ಲಿ ರೀಹಾಮಳ ಅತ್ತೆ ಕುರಾನಿನ ಸಾಲುಗಳನ್ನು ತುಟಿಯಲ್ಲೇ ಹೇಳುತ್ತಿದ್ದಳು. ಮಗುವಿನ ಜೊಲ್ಲು ಹರಿದಾಗಲೆಲ್ಲ ಇತಿದಾಲ್ ಬಗ್ಗಿ ಅದರ ಕಣ್ಣು ನೋಡುತ್ತಿದ್ದರು. ಹಲ್ಲು ಬರುವ ಮಗುವಿಗೆ ಜೊಲ್ಲು ಸಹಜ. ಆದರೆ ಹಕ್ಕಿಯ ಕೊಕ್ಕಿನಿಂದಲೂ ಹಾಗೇ ಸುರಿದಿತ್ತಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಚೀಲದ ಮೇಲಿನ ಬರಹ ಓದಿದರು, ಮಗುವಿನ ಕಣ್ಣಿಗೆ ಬೆಳಕು ಬಿಟ್ಟರು, ಎದೆಗೆ ಕಿವಿಗೊಟ್ಟರು. “ಈಗೇನೂ ಕಾಣ್ತಿಲ್ಲ. ಸಂಜೆವರೆಗೂ ನೋಡೋಣ,” ಎಂದರು. ಮೊಗಸಾಲೆಯ ಬೆಂಚಿನ ಈ ತುದಿಯಲ್ಲಿ ಇತಿದಾಲ್, ಆ ತುದಿಯಲ್ಲಿ ರೀಹಾಮ್. ರೀಹಾಮ್ ಈ ಕಡೆ ತಿರುಗಿ ಕೇಳಿದಳು.

“ಒದ್ದೆ ಅಂತ ಕೂಗ್ತಿದ್ದೆಯಲ್ಲ, ನನಗೂ ಕೇಳಿಸ್ತು. ವಿಷ ಅಂದಿದ್ರೆ ಕೂರ್ತಿದ್ನಾ ನಾನು?”



ಸೂರ್ಯ ಇಳಿಯುವ ಹೊತ್ತಿಗೆ ರಿತಾಜ್ ಎದ್ದು ಹಸಿವಿಗೆ ಅತ್ತಿತು. ಮನೆಗೆ ಕರೆದೊಯ್ಯಿರಿ ಎಂದರು ಡಾಕ್ಟರು. ರೀಹಾಮ್ ಮಗುವನ್ನು ಹೆಗಲಿಗೆ ಹಾಕಿಕೊಂಡು ಹೊರಟಳು.

ಇತಿದಾಲ್ ನೆಟ್ಟಗೆ ತೋಟಕ್ಕೆ ಬಂದರು. ಜನ ಖಾಲಿಯಾಗಿದ್ದರು. ಶಹಾತಾ ಪಂಪು ಸರಿಮಾಡಿ ಉಳಿದರ್ಧಕ್ಕೆ ನೀರು ಬಿಟ್ಟಿದ್ದ. ಮರುದಿನ ಹಬ್ಬ. ಹೊತ್ತು ಹುಟ್ಟುವ ಮೊದಲೇ ಇತಿದಾಲ್ ಸಿಮೆಂಟು ಕಟ್ಟೆ ಹತ್ತಿ ನಿಂತು, ಬಂದವರಿಗೆಲ್ಲ ಹುಲ್ಲಿಗೆ ವಿಷ ಹಾಕಿದೆ ಎಂದೇ ಕೂಗಿದರು. ದೊಡ್ಡ ಹುಲ್ಲುಹಾಸಿನಲ್ಲಿ ಒಂದು ಚಾಪೆಯೂ ಬೀಳಲಿಲ್ಲ. ಜನ ಕಾಲುದಾರಿಯ ಮೇಲೆ ಕೂತು ಮೀನು ತಿಂದರು, ಅವರನ್ನು ಶಪಿಸಿದರು. ಮೇಲ್ವಿಚಾರಕರು ಕೆಂಡವಾದರು. “ಮಗು ಹೋಗಿದ್ರೆ ನೀವು ಬರ್ತಿದ್ರಾ ಮಣ್ಣಿಗೆ?” ಎಂದು ಇತಿದಾಲ್ ಕೇಳಿದ್ದಕ್ಕೆ ಅವರು ಮುಖ ತಿರುಗಿಸಿ ಹೋದರು. ಕೆಲಸದಿಂದ ತೆಗೆಯುವ ಮಾತು ಮತ್ತೆ ಎತ್ತಲಿಲ್ಲ.

ಈಗ ಹಬ್ಬದ ಆಸುಪಾಸಿನಲ್ಲಿ ಹರಳು ಹಾಕುವುದಿಲ್ಲ. ಪಂಪು ಓಡಿಸಿ ನೋಡದೆ ಇತಿದಾಲ್ ಚೀಲ ಬಿಚ್ಚುವುದಿಲ್ಲ. ಇಂದೂ ನೀರು ಬಿಟ್ಟಾಯಿತು. ಹುಲ್ಲು ಒಣಗುವವರೆಗೆ ಅವರು ಊಟಕ್ಕೂ ಹೋಗದೆ ಸುತ್ತುತ್ತಾರೆ, ಕಾಗೆ ಇಳಿದರೂ ಕಲ್ಲು ಬೀರುತ್ತಾರೆ. ದಂಡೆಯ ಮೇಲೆ ಶಾಲೆಗೆ ಹೊರಟ ಮಕ್ಕಳು ಅವರನ್ನು ಕಂಡದ್ದೇ “ವಿಷದಜ್ಜಿ ಬಂದ್ಲು, ವಿಷದಜ್ಜಿ!” ಎಂದು ಕಿರುಚಿ ಚೆಲ್ಲಾಪಿಲ್ಲಿಯಾಗುತ್ತವೆ.

ಬೇಜಾರಾಗುವುದಿಲ್ಲವೇ ಎಂದು ಕೇಳಿದರೆ,

“ಕರೀಲಿ ಬಿಡಿ,” ಎನ್ನುತ್ತಾರೆ ಇತಿದಾಲ್, ಮಕ್ಕಳು ಓಡಿದ ದಿಕ್ಕನ್ನೇ ನೋಡುತ್ತಾ. “ಒಂದಾದ್ರೂ ಹುಲ್ಲಿಗೆ ಕಾಲಿಟ್ಟಿತಾ ನೋಡಿದ್ರಾ?”