ಗುಡುಗಿದ ದಿನದ ಸಾಫ್ಟ್‌ವೇರ್ ಪಾಠ

ಹುಣಸೂರಿನಲ್ಲಿ ಬಿ.ಎಡ್. ಓದುವಾಗ ಕಂಪ್ಯೂಟರ್ ಅಂದರೆ ನನಗೆ ತಲೆನೋವು. ಸಿಸ್ಟಂ ಸಾಫ್ಟ್‌ವೇರ್ ಯಂತ್ರವನ್ನೇ ನಡೆಸುತ್ತದೆ, ಅಪ್ಲಿಕೇಶನ್ ಸಾಫ್ಟ್‌ವೇರ್ ನಮ್ಮ ಕೆಲಸ ಮಾಡಿಕೊಡುತ್ತದೆ; ಇಷ್ಟನ್ನು ಕಂಪಲಾಪುರದಿಂದ ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಹೋಗುತ್ತಿದ್ದೆ. ಬಾಯಿಪಾಠ ಎಷ್ಟು ದೂರ ಬರುತ್ತದೆಂದು ಗೊತ್ತಾಗಿದ್ದು ಪಿರಿಯಾಪಟ್ಟಣದ ಪ್ರೌಢಶಾಲೆಯಲ್ಲಿ ಅಭ್ಯಾಸ ಪಾಠ ಮಾಡುವಾಗ. ಪರದೆಯ ಮೇಲಿನ ಸ್ಲೈಡುಗಳನ್ನು ಗಡಗಡ ಓದಿ ಮುಗಿಸಿದೆ. ಹಿಂದಿನ ಬೆಂಚಿನಲ್ಲಿ ಕೂತು ನೋಡುತ್ತಿದ್ದ ನಮ್ಮ ಕಾಲೇಜಿನ ಮೇಡಂ ನನ್ನ ಪಾಠದ ಪುಸ್ತಕಕ್ಕೆ ಸಹಿ ಹಾಕಲಿಲ್ಲ.

"ಓದೋಕೆ ಮಕ್ಕಳಿಗೇ ಬರುತ್ತಲ್ಲಮ್ಮ, ನೀನ್ಯಾಕೆ? ಇನ್ನೊಂದ್ಸಲ ಮಾಡು. ಆಗಲೂ ಹಿಂಗೇ ಆದ್ರೆ ಈ ವರ್ಷ ಪಾಸ್ ಮಾಡಲ್ಲ" ಎಂದರು.

ಎರಡನೇ ಸಲ ಇನ್ನಷ್ಟು ಬಣ್ಣದ ಸ್ಲೈಡು ಮಾಡಿಕೊಂಡು ಹೋದೆ. ನನ್ನ ಬುದ್ಧಿ ಅಷ್ಟೇ! ಪಾಠ ಶುರುವಾಗುವಷ್ಟರಲ್ಲಿ ಗುಡುಗು ಸಿಡಿಯಿತು. ಬಾಗಿಲ ಬಳಿ ಕೂತಿದ್ದ ಹುಡುಗಿ ಓಡಿ ಹೋಗಿ ಮೇನ್ ಸ್ವಿಚ್ ಇಳಿಸಿಬಿಟ್ಟಳು. ಕಂಪ್ಯೂಟರ್, ಪರದೆ, ಫ್ಯಾನು ಎಲ್ಲ ತೆಪ್ಪಗಾದವು.

"ಯಾಕಮ್ಮ ಇಳಿಸ್ದೆ?"

"ಗುಡುಗ್ತಾ ಅದಲ್ಲ ಮಿಸ್! ನಮ್ಮನೇಲಿ ನಾನೇ ಇಳ್ಸೋದು. ಇಲ್ದಿದ್ರೆ ಟಿವಿ ಸುಟ್ಟೋಯ್ತದೆ."

ಬೈಯುವುದಾದರೂ ಹೇಗೆ? ನಮ್ಮ ಮನೆಯಲ್ಲೂ ಆ ಕೆಲಸ ನನ್ನದೇ; ಗುಡುಗು ಕೇಳಿದರೆ ಎಂಜಲು ಕೈಯಲ್ಲೇ ಓಡುತ್ತೇನೆ. ನಗು ಬಂತು, ಹಿಂದೆ ಕೂತ ಮೇಡಂ ಮುಖ ನೋಡಿ ನುಂಗಿಕೊಂಡೆ.

"ಸರಿ, ಇಲ್ಲಿ ಬಾ. ಸ್ಲೈಡಂತೂ ಹೋಯ್ತು, ಈಗ ನೀನೇ ಸಿಸ್ಟಂ ಸಾಫ್ಟ್‌ವೇರ್" ಎಂದೆ.

ಬೋರ್ಡು ಯಂತ್ರವಾಯಿತು. ಚಿತ್ರ ಬರೆಯುವ ಹುಡುಗನೊಬ್ಬ, ಲೆಕ್ಕ ಮಾಡುವ ಹುಡುಗಿಯೊಬ್ಬಳು ಅಪ್ಲಿಕೇಶನ್‌ಗಳಾದರು. ಸಿಸ್ಟಂ ಆದವಳನ್ನು ಕೇಳದೆ ಯಾರೂ ಬೋರ್ಡು ಮುಟ್ಟುವಂತಿಲ್ಲ. ಚಾಕ್‌ಪೀಸ್ ಕೊಡುವುದೂ ಜಾಗ ತೋರಿಸುವುದೂ ಅವಳೇ.

"ಅಲ್ಲಲ್ಲ ಕಣ್ಲಾ, ಈ ಕಡೆ ಬರಿ! ಅವ್ಳು ಲೆಕ್ಕ ಮುಗಿಸ್ಲಿ ಬುಡು!" ಎಂದು ಅವಳು ಗದರಿದರೆ ತರಗತಿಯೆಲ್ಲ ನಗು.

"ಮಿಸ್, ಇವ್ಳನ್ನ ಆಚೆಗೆ ಕಳ್ಸುದ್ರೆ?" ಎಂದು ಒಬ್ಬ ಕೇಳಿದ. ಕಳಿಸಿಯೇ ನೋಡಿದೆವು. ಉಳಿದ ಇಬ್ಬರೂ ಒಂದೇ ಚಾಕ್‌ಪೀಸಿಗೆ ಕಿತ್ತಾಡಿದರು. ಚಿತ್ರವೂ ಇಲ್ಲ, ಲೆಕ್ಕವೂ ಇಲ್ಲ. ಕೂಗಿ ಕೂಗಿ ಅವಳನ್ನು ಮತ್ತೆ ಒಳಗೆ ಕರೆಸಿಕೊಂಡರು. ನನಗೂ ಆ ಪಾಠ ನಿಜವಾಗಿ ಅರ್ಥವಾಗಿದ್ದು ಅಂದೇ. ಖುಷಿ ತಡೆಯಲಾರದೆ ಗುಡುಗಿಗಿಂತ ಜೋರಾಗಿ ಮಾತಾಡುತ್ತಿದ್ದೆ.

ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ಹಿಂದಿನ ಬೆಂಚಿನಿಂದ ಒಂದು ಕೈ ಮೇಲೆದ್ದಿತು. ನೋಡಿದರೆ ಮೇಡಂ!

"ಮಿಸ್, ನಂಗೂ ಒಂದು ಚಾಕ್‌ಪೀಸ್ ಕೊಡಿ" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಆ ಹುಡುಗಿ ಅಡ್ಡ ನಿಂತಳು. "ಮಿಸ್‌ನ ಕೇಳಂಗಿಲ್ಲ ಮೇಡಂ. ಮೊದ್ಲು ನನ್ನ ಕೇಳ್ಬೇಕು!"

ಮೇಡಂ ನಗುತ್ತಲೇ ಸಹಿ ಹಾಕಿದರು.