ಇಳಿಜಾರಿನ ಕೋಚ್

ಆ ಮೈದಾನದ ನಡುವೆ ಚೆಂಡೊಂದನ್ನು ಇಟ್ಟು ಕೈಬಿಟ್ಟರೆ, ಯಾರೂ ಒದೆಯದೆ ಅದು ತಾನಾಗಿಯೇ ಚರಂಡಿಯ ಕಡೆ ಹೊರಟುಬಿಡುತ್ತಿತ್ತು. ಶಾಲೆಯ ಕಾಂಪೌಂಡು ಗೋಡೆಯ ಕಡೆ ಎತ್ತರ, ಚರಂಡಿಯ ಕಡೆ ತಗ್ಗು. ನಡುವಿನ ವ್ಯತ್ಯಾಸ ಒಂದಾಳುದ್ದ. ಹೊರಗಿನಿಂದ ಆಡಲು ಬಂದವರು ಸೋತು ಹೋಗುವಾಗ ನಿಮ್ಮ ಮೈದಾನವೇ ಸರಿಯಿಲ್ಲ ಎಂದು ಗೊಣಗಿದರೆ, ಇಲ್ಲಿಯವರು 'ಕುಣಿಯಲಾರದವಳು ನೆಲ ಡೊಂಕು ಅಂದಳಂತೆ' ಎಂದು ನಗುತ್ತಿದ್ದರು. ಪಾಪ, ನೆಲ ನಿಜಕ್ಕೂ ಡೊಂಕಾಗಿತ್ತು. ಅದನ್ನು ಮಾತ್ರ ಯಾರೂ ಬಾಯಿಬಿಟ್ಟು ಒಪ್ಪುತ್ತಿರಲಿಲ್ಲ. ಆ ಡೊಂಕಿನ ಮೇಲೆ ಒಂದು ಕ್ಲಬ್ಬು ನಿಂತಿತ್ತು, ಆ ಕ್ಲಬ್ಬಿನ ಮೇಲೆ ಒಬ್ಬ ಮನುಷ್ಯನ ಮರ್ಯಾದೆ ನಿಂತಿತ್ತು.

ಆ ಮನುಷ್ಯನನ್ನು ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ಟ್ಯಾಂಕರ್ ಮಾವ ಎಂದೇ ಕರೆಯುತ್ತಿದ್ದರು. ನಲ್ಲಿ ಬಾರದ ಬೀದಿಗಳಿಗೆ ನೀರು ಸಾಗಿಸುವ ಟ್ಯಾಂಕರಿನ ಡ್ರೈವರು ಅವರು. ಲಾರಿ ಹಳೆಯದು. ಹಿಂದಿನ ವಾಲ್ವು ಎಷ್ಟು ಬಿಗಿದರೂ ತೊಟ್ಟಿಕ್ಕುತ್ತಿತ್ತು. ಅದಕ್ಕೆ ಸೈಕಲ್ ಟ್ಯೂಬು ಸುತ್ತಿ ಸುತ್ತಿ ತೆಂಗಿನಕಾಯಿಯಷ್ಟು ದಪ್ಪ ಮಾಡಿಟ್ಟಿದ್ದರು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಸಾಲು ಮುರಿದು ಜಗಳ ತೆಗೆದವರ ಕಡೆಗೆ ಪೈಪು ತಿರುಗಿಸಿದ್ದಾರೆ ಎಂಬ ಖ್ಯಾತಿಯೂ ಇತ್ತು, ಅದು ಸುಳ್ಳೇನಲ್ಲ. ಪ್ರಾಯದಲ್ಲಿ ಚೆನ್ನಾಗಿ ಆಡುತ್ತಿದ್ದರು. ಮಂಡಿ ಕೈಕೊಟ್ಟಿತು. ಆಟ ಬಿಟ್ಟರೂ ಮೈದಾನ ಬಿಡಲಾಗದೆ, ಬೀದಿಯಲ್ಲಿ ಅಂಡಲೆಯುತ್ತಿದ್ದ ಹುಡುಗರನ್ನು ಕಿವಿ ಹಿಡಿದು ಎಳೆತಂದು ಒಂದು ತಂಡ ಕಟ್ಟಿದರು. ಮೊದಲು ಗೋಲೆಂದರೆ ಎರಡು ಕಲ್ಲು. ಆಮೇಲೆ ಪಕ್ಕದ ಬೀದಿಯ ಬಡಗಿ ಮರದ ಕಂಬ ನೆಟ್ಟುಕೊಟ್ಟ. ಮುಂದೆ ಅವನೇ ಕ್ಲಬ್ಬಿನ ಕಾರ್ಯದರ್ಶಿಯಾದ. ಮಾವನ ಮಗಳು ಲಂಗ ಎತ್ತಿಕಟ್ಟಿಕೊಂಡು ಹುಡುಗರ ನಡುವೆ ಆಡಿ ಬೆಳೆದವಳು ಶಾಲೆಯೊಂದರಲ್ಲಿ ಆಟದ ಟೀಚರಾದಳು, ಹುಡುಗಿಯರದೇ ಒಂದು ತಂಡ ಮಾಡಿದಳು. ಕ್ಲಬ್ಬು ಅಂತೂ ಬೆಳೆಯಿತು.

ಮಾವನ ವಿದ್ಯೆ ಒಂದೇ. ಮೊದಲರ್ಧ ಏರಿನ ಕಡೆಗೆ ಆಡಿ, ಗೋಲು ಹೊಡೆಯದಿದ್ದರೂ ಚಿಂತೆಯಿಲ್ಲ, ಹಲ್ಲು ಕಚ್ಚಿ ತಡೆಯಿರಿ. ಎದುರಾಳಿಗಳು ಇಳಿಜಾರು ಸಿಕ್ಕಿತೆಂದು ಹಿಗ್ಗಿ ಓಡಿ ಓಡಿ ಸುಸ್ತಾಗುತ್ತಾರೆ. ವಿರಾಮದ ಮೇಲೆ ಕಡೆ ಬದಲಾಗುತ್ತದಲ್ಲ, ಆಗ ಅವರು ಏರು ಹತ್ತಬೇಕು, ನಾವು ಇಳಿಯಬೇಕು. ವಿರಾಮದಲ್ಲಿ ಮಾವ ಆಡುತ್ತಿದ್ದ ಮಾತೂ ಒಂದೇ: "ಇನ್ನು ಇಳಿಜಾರು ನಮ್ದು. ಹೋಗಿ." ನೋಡುವ ಜನಕ್ಕೂ ಅದು ಎಷ್ಟು ರೂಢಿಯಾಗಿತ್ತೆಂದರೆ, ವಿರಾಮದ ಸೀಟಿ ಊದಿದ ಕೂಡಲೇ ಸ್ಟೂಲು, ಕುರ್ಚಿ, ಮಕ್ಕಳು ಮರಿಗಳನ್ನೆಲ್ಲ ಎತ್ತಿಕೊಂಡು ಚರಂಡಿಯ ಕಡೆಗೆ ವಲಸೆ ಹೋಗುತ್ತಿದ್ದರು. ಎರಡನೇ ಅರ್ಧದ ಗೋಲುಗಳೆಲ್ಲ ಬೀಳುವುದು ಅಲ್ಲೇ ತಾನೆ? ವಾಸನೆಗೆ ಮೂಗು ಮುಚ್ಚಿಕೊಂಡಾದರೂ ಅಲ್ಲೇ ಕೂರುತ್ತಿದ್ದರು.

ಹೀಗೆ ತವರು ನೆಲದಲ್ಲಿ ಗೆದ್ದು ಗೆದ್ದು ಕ್ಲಬ್ಬು ಮೇಲಿನ ಲೀಗಿಗೆ ಏರಿತು. ಏರಿದ ಮೇಲೆ ಷರತ್ತು ಬಂತು. ಮುಂದಿನ ಸೀಸನ್ನಿನೊಳಗೆ ಮೈದಾನ ಸಮತಟ್ಟಾಗಬೇಕು, ಜನ ಕೂರಲು ಮೆಟ್ಟಿಲುಗಳಿರಬೇಕು, ಆಟಗಾರರಿಗೆ ಎರಡು ಕೋಣೆಗಳಿರಬೇಕು. ಇಲ್ಲದಿದ್ದರೆ ತವರಿನ ಪಂದ್ಯಗಳನ್ನೂ ಪರಸ್ಥಳದಲ್ಲೇ ಆಡಬೇಕು.

ಶಾಲೆಯ ಹಜಾರದಲ್ಲಿ ಸಭೆ ಸೇರಿತು. ಜನರ ಹುರುಪು ಹೇಳತೀರದು. ಮೇಸ್ತ್ರಿ ಕೆಲಸದವರು ಭಾನುವಾರಗಳನ್ನು ಕೊಡುತ್ತೇವೆಂದರು. ಮೆಟ್ಟಿಲನ್ನು ಬೀದಿಗೊಂದರಂತೆ ಹಂಚಿಕೊಂಡಾಯಿತು. ಯಾರು ಮನೆ ಕಟ್ಟಲು ಪಾಯ ತೋಡಿದರೂ ಮಣ್ಣು ಮೈದಾನದ ತಗ್ಗಿಗೇ ಬರಬೇಕು ಎಂದು ತೀರ್ಮಾನವಾಯಿತು. ಎಲ್ಲ ಮುಗಿಯಿತು ಎನ್ನುವಾಗ ಮೂಲೆಯಲ್ಲಿದ್ದ ಟ್ಯಾಂಕರ್ ಮಾವ ಎದ್ದು ನಿಂತರು.

"ಮೆಟ್ಟಿಲು ಕಟ್ಟಿ, ಕೋಣೆ ಕಟ್ಟಿ. ನೆಲ ಮಾತ್ರ ಮುಟ್ಬೇಡಿ."

"ಅದೇ ಮುಖ್ಯ ಷರತ್ತಲ್ವಾ ಮಾವ?" ಎಂದ ಕಾರ್ಯದರ್ಶಿ.

"ಷರತ್ತು ಹಾಕಿದವ್ರಿಗೆ ಆಟ ಗೊತ್ತಿಲ್ಲ. ಆ ಇಳಿಜಾರು ಹೋದ್ರೆ ಈ ಟೀಮು ಹೋಯ್ತು ಅಂತ ತಿಳ್ಕೊಳ್ಳಿ."

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಾಯಿತು ಸಭೆ. ಗದ್ದಲದ ನಡುವೆ ಮಗಳು ಎದ್ದಳು. ಅವಳು ದನಿ ಏರಿಸಲಿಲ್ಲ. ಏರಿಸಿದ್ದರೆ ಮಾವನಿಗೆ ತಿರುಗಿ ಬೈಯಲು ಸುಲಭವಾಗುತ್ತಿತ್ತು.

"ಅಪ್ಪ, ಹೊರಗಡೆ ಆಡಿದ ಮ್ಯಾಚೆಲ್ಲ ನಾವು ಯಾಕೆ ಸೋತ್ವಿ? ಅಲ್ಲಿ ನೆಲ ಸಮ ಇತ್ತು. ನೀನು ನಮಗೆ ಕಲಿಸಿದ್ದು ಫುಟ್‌ಬಾಲಲ್ಲ, ಇಳಿಜಾರು."

ಅಷ್ಟರಲ್ಲೇ ಯಾರೋ ಹಿಂದಿನಿಂದ, ಮೇಲಿನ ಲೀಗಿಗೆ ಸರ್ಟಿಫಿಕೇಟಿರುವ ಕೋಚನ್ನು ಹೊರಗಿನಿಂದ ತಂದರೆ ಹೇಗೆ ಎಂದರು. ಕಾರ್ಯದರ್ಶಿ ನೆಲ ನೋಡುತ್ತಾ, "ಹೊಸ ಮೈದಾನದಲ್ಲಿ ಮೊದಲ ಮ್ಯಾಚಾಗ್ಲಿ. ಆಮೇಲೆ ಆ ಮಾತು," ಎಂದ. ಬೇಡ ಎಂದು ಅವನು ಹೇಳಲಿಲ್ಲ ಎಂಬುದನ್ನು ಮಾವ ಗಮನಿಸಿದರು. ಕೈಯೆತ್ತಿಸಿ ಎಣಿಸಿದಾಗ ನೆಲ ಸಮ ಮಾಡುವುದು ಬೇಡ ಎಂದದ್ದು ಅವರದೊಂದೇ ಕೈ.

ಮನೆಯಲ್ಲಿ ಅಪ್ಪ ಮಗಳ ಮಾತು ನಿಂತಿತು. ಊಟಕ್ಕೆ ಒಟ್ಟಿಗೆ ಕೂತರೂ ಉಪ್ಪು ಬೇಕಾದರೆ ಮಾವ ಹೆಂಡತಿಯ ಮೂಲಕವೇ ಕೇಳಿಸುತ್ತಿದ್ದರು. ಇತ್ತ ಮೈದಾನದ ತಗ್ಗಿಗೆ ಮಣ್ಣು ಬಂದು ಬೀಳತೊಡಗಿತು. ಮಣ್ಣು ಕೂರಬೇಕಾದರೆ ನೀರು ಬೇಕು, ನೀರು ಬೇಕಾದರೆ ಟ್ಯಾಂಕರು ಬೇಕು. ಮಾವ ಆ ಕಡೆ ತಲೆ ಹಾಕಲಿಲ್ಲ. ಮಣ್ಣು ಒಣಗಿ ಗಾಳಿಗೆದ್ದು ಶಾಲೆಯ ಕಿಟಕಿಗಳೊಳಗೆ ನುಗ್ಗಿತು, ಮಕ್ಕಳು ಸೀನಿದರು.

"ಸಿಟ್ಟು ನಿಮ್ದು. ಧೂಳು ಮಕ್ಕಳ ಮೂಗಿಗ್ಯಾಕೆ?" ಎಂದರು ಹೆಂಡತಿ, ತಟ್ಟೆ ಮುಂದೆ ತಳ್ಳುತ್ತಾ. "ಅವಳು ಹೇಳಿದ್ದು ಸುಳ್ಳಾಗಿದ್ರೆ ನೀವು ಅವತ್ತೇ ನಕ್ಕು ಸುಮ್ನಾಗ್ತಿದ್ರಿ. ನಿಜ ಆದ್ದರಿಂದಲೇ ಇಷ್ಟು ಉರೀತಿದೆ."

ಮಾವ ತುತ್ತು ಕೆಳಗಿಟ್ಟರು. ಮರುದಿನ ಟ್ಯಾಂಕರು ಮೈದಾನಕ್ಕೆ ಹೋಯಿತು. ತಮ್ಮ ಇಡೀ ಬಾಳಿನ ವಿದ್ಯೆಯನ್ನು ಹೂಳುತ್ತಿರುವ ಮಣ್ಣಿಗೆ ತಮ್ಮ ಕೈಯಾರೆ ನೀರು ಬಿಟ್ಟರು. ರೋಲರಿನವನು ಒಂದು ಸುತ್ತು ಹೊಡೆದು ಬಂದಾಗಲೆಲ್ಲ ಇಳಿಜಾರು ಒಂದಿಷ್ಟು ಕಡಿಮೆಯಾಗುತ್ತಿತ್ತು. ಅವರಿಗೆ ಅಳು ಬಂದದ್ದು ನಿಜ. ಪೈಪಿನಿಂದ ಮುಖ ತೊಳೆದುಕೊಂಡರು.

ಮೈದಾನದಲ್ಲಿ ಕೆಲಸ ನಡೆಯುತ್ತಿದ್ದುದರಿಂದ ತಂಡಗಳ ಅಭ್ಯಾಸ ಬಸ್ ಡಿಪೋದ ಹಿಂದಿನ ಅಂಗಳಕ್ಕೆ ಹೋಗಿತ್ತು. ಸಮತಟ್ಟಾದ ಸಿಮೆಂಟು ನೆಲ. ಮಾವನ ಹುಡುಗರು ಅಲ್ಲಿ ನೆಲಕ್ಕೆ ಬಿದ್ದ ಮೀನಿನಂತಾದರು. ಚೆಂಡು ಉರುಳಿ ಬರುತ್ತದೆಂದು ಕಾಯುತ್ತಿದ್ದರು, ಅದು ನಡುವೆಯೇ ನಿಂತುಬಿಡುತ್ತಿತ್ತು. ಬೈದು ಬೈದು ಮಾವನ ಗಂಟಲು ಬಿದ್ದುಹೋಯಿತು. ಅಂಗಳದ ಇನ್ನೊಂದು ಬದಿಯಲ್ಲಿ ಮಗಳು ಹುಡುಗಿಯರಿಗೆ ಕಲಿಸುತ್ತಿದ್ದಳು. ಬೇಕೆಂದೇ ಅತ್ತ ನೋಡದೆ ನಿಂತಿದ್ದ ಮಾವ ಕಡೆಗೂ ನೋಡಿದರು. ಚೆಂಡು ಕಾಲಿಗೆ ಬರುವ ಮೊದಲೇ ಆ ಹುಡುಗಿಯರು ತಲೆಯೆತ್ತಿ ಸುತ್ತ ನೋಡುತ್ತಿದ್ದರು: ಯಾರು ಎಲ್ಲಿದ್ದಾರೆ, ಎಲ್ಲಿ ಜಾಗ ಖಾಲಿಯಿದೆ. ಬಂದ ಚೆಂಡು ಕಾಲಲ್ಲಿ ನಿಲ್ಲುತ್ತಲೇ ಇರಲಿಲ್ಲ. ಇಳಿಜಾರಿನಲ್ಲಿ ಎಲ್ಲರ ಕಣ್ಣೂ ಚೆಂಡಿನ ಮೇಲೆಯೇ ಇರುತ್ತಿತ್ತು, ಎಲ್ಲಿ ಜಾರಿಹೋದೀತೋ ಎಂಬ ಭಯಕ್ಕೆ. ತಲೆಯೆತ್ತುವುದನ್ನು ತಾವು ಯಾರಿಗೂ ಹೇಳಿಕೊಟ್ಟೇ ಇಲ್ಲ ಎಂದು ಮಾವನಿಗೆ ಆಗ ಹೊಳೆಯಿತು.

ಅಭ್ಯಾಸ ಮುಗಿಸಿ ಪ್ಲಾಸ್ಟಿಕ್ ಕೋನುಗಳನ್ನು ಒಂದರೊಳಗೊಂದು ಸೇರಿಸುತ್ತಿದ್ದ ಮಗಳ ಹತ್ತಿರ ಹೋಗಿ ನಿಂತರು. ಎಷ್ಟೋ ದಿನಗಳ ಮೇಲೆ ಆಡಿದ ಮಾತು ಅದು.

"ಅದು ನನಗೂ ಹೇಳ್ಕೊಡು."

"ಯಾವ್ದಪ್ಪ?"

"ತಲೆ ಎತ್ತೋದು."

ಮಗಳು ತಮಾಷೆಯೇನೋ ಎಂದು ಮುಖ ನೋಡಿದಳು. ಮಾವನ ಮುಖದಲ್ಲಿ ತಮಾಷೆ ಇರಲಿಲ್ಲ. "ನಾಳೆ ಬೆಳಗ್ಗೆ ಹುಡುಗೀರ ಜೊತೆ ನಿಂತ್ಕೊ. ಮಂಡಿಗೆ ಪಟ್ಟಿ ಹಾಕ್ಕೊಂಡು ಬಾ," ಎಂದಷ್ಟೇ ಹೇಳಿದಳು.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಡಿಪೋದ ಮೆಕ್ಯಾನಿಕ್ಕುಗಳು ನಕ್ಕರು. ನಗಲಿ ಬಿಡಿ. ಕುಂಟು ಮಂಡಿಗೆ ಪಟ್ಟಿ ಬಿಗಿದು, ಮೊಮ್ಮಕ್ಕಳ ವಯಸ್ಸಿನ ಹುಡುಗಿಯರ ಸಾಲಿನಲ್ಲಿ ನಿಂತು, "ಮಾವ, ಕೆಳಗ್ ನೋಡ್ಬೇಡಿ, ತಲೆ ಎತ್ತಿ" ಎಂದು ಅವರಿಂದಲೇ ಬೈಸಿಕೊಂಡು ಆ ಮನುಷ್ಯ ಕಲಿತರು. ಬೆಳಗ್ಗೆ ಕಲಿತದ್ದನ್ನು ಸಂಜೆ ತಮ್ಮ ಹುಡುಗರಿಗೆ ಕಲಿಸಿದರು. ಅರ್ಥವಾಗದ್ದಿದ್ದರೆ ಊಟದ ಹೊತ್ತಿಗೆ ಮಗಳನ್ನು ಕೇಳಿದರು. ಲೋಟ, ಸೌಟು, ಚಮಚಗಳೇ ಆಟಗಾರರು. "ನನ್ನ ಪಾತ್ರೆ ವಾಪಸ್ ಕೊಟ್ರೆ ನಾನೂ ಉಣ್ತೀನಿ," ಎಂದು ಹೆಂಡತಿ ಕಾಯಬೇಕಾಗುತ್ತಿತ್ತು.

ಮೈದಾನವೂ ತಯಾರಾಯಿತು. ಮೆಟ್ಟಿಲು ಕಟ್ಟುವಾಗ ಎರಡು ಬೀದಿಯವರು ತಮ್ಮ ತಮ್ಮ ಅಳತೆಯನ್ನೇ ಸರಿಯೆಂದು ಸಾಧಿಸಿ, ಒಂದು ಕಡೆ ಸಾಲು ನಾಲ್ಕು ಬೆರಳು ಎತ್ತರವಾಗಿತ್ತು. ಅದನ್ನು ಒಡೆಯಲು ಇಬ್ಬರೂ ಒಪ್ಪಲಿಲ್ಲ. ಹಾಗೇ ಸುಣ್ಣ ಬಳಿದರು. ನೆಲ ಮಾತ್ರ ನೋಡುವಂತಿತ್ತು. ನಡುವೆ ಚೆಂಡಿಟ್ಟರೆ ಇಟ್ಟಲ್ಲೇ ಕೂತಿರುತ್ತಿತ್ತು.

ಮೊದಲ ಪಂದ್ಯಕ್ಕೆ ಬಂದವರು ಆ ಲೀಗಿನ ಗಟ್ಟಿ ತಂಡ. ಮೆಟ್ಟಿಲು ತುಂಬ ಜನ. ಇವರ ಹುಡುಗರಿಗೆ ಅಷ್ಟು ಜನರನ್ನು ಒಮ್ಮೆಗೇ ನೋಡಿಯೇ ಕೈಕಾಲು ಆಡದಾಯಿತು. ಕಲಿತದ್ದೆಲ್ಲ ಮರೆತು ಮತ್ತೆ ಹಳೆಯ ಚಾಳಿಗೆ ಬಿದ್ದರು. ಉದ್ದಕ್ಕೆ ಒದೆಯುವುದು, ಉರುಳಿ ಬರಲೆಂದು ಕಾಯುವುದು. ವಿರಾಮದ ಹೊತ್ತಿಗೆ ಎರಡು ಗೋಲು ಬಿದ್ದಿದ್ದವು. ಎರಡನೆಯದು ಗೋಲ್‌ಕೀಪರು ಕಾಲಡಿಯ ಚೆಂಡನ್ನೇ ನೋಡುತ್ತಾ ನಿಂತು ಕಳೆದುಕೊಂಡದ್ದು. ಗೋಡೆಯಂತೆ ನಿಲ್ಲುತ್ತಾನೆಂದು ಅವನನ್ನು ಗೋಡೆ ಎನ್ನುತ್ತಿದ್ದರು. ಅವತ್ತು ಆ ಗೋಡೆಯಲ್ಲಿ ಬಾಗಿಲಿತ್ತು.

ಸೀಟಿ ಊದಿದ್ದೇ ತಡ, ಮೆಟ್ಟಿಲಿನ ಮೇಲಿದ್ದ ಅರ್ಧಕ್ಕರ್ಧ ಜನ ರೂಢಿಬಲದಿಂದ ಎದ್ದು ಚರಂಡಿಯ ಕಡೆಗೆ ಹೊರಟರು. ನಾಲ್ಕು ಹೆಜ್ಜೆ ಹೋದ ಮೇಲೆ ನೆನಪಾಗಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು ಸಪ್ಪಗೆ ವಾಪಸು ಬಂದು ಕೂತರು. ಹೊಸ ಕೋಣೆಯೊಳಗೆ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಹುಡುಗರು ತಲೆತಗ್ಗಿಸಿ ಕೂತಿದ್ದರು. ಇಷ್ಟು ವರ್ಷ ಇದೇ ಹೊತ್ತಿಗೆ ಕೇಳಿಬರುತ್ತಿದ್ದ ಮಾತು ಇನ್ನು ಬರುವಂತಿಲ್ಲ. ಹೊರಗಿನ ಕೋಚು, ಸರ್ಟಿಫಿಕೇಟು, ಕಾರ್ಯದರ್ಶಿ ನೆಲ ನೋಡಿದ್ದು ಎಲ್ಲ ಮಾವನ ಕಣ್ಮುಂದೆ ಬಂತು. ಹಾಳಾಗಿ ಹೋಗಲಿ ಎಂದು ಅದನ್ನು ಆಚೆ ತಳ್ಳಿದರು.

"ಎದುರಿಗೆ ಇಳಿಜಾರಿಲ್ಲ," ಎಂದರು. "ಚೆಂಡು ತಾನಾಗಿ ಬರುತ್ತೆ ಅಂತ ನಿಂತಿದ್ದೀರ. ಬರಲ್ಲ. ನೀವೇ ಹೋಗ್ಬೇಕು. ನಾನೂ ಹಾಗೇ ನಿಂತಿದ್ದೆ ಇಷ್ಟು ವರ್ಷ, ನಿಮ್ಮ ತಪ್ಪಲ್ಲ ಅದು. ಈಗ ಕೇಳಿ. ಅವರ ಎಡಗಡೆ ಕಾಯೋ ಬ್ಯಾಕು ಮುಂದೆ ಹೋದ್ರೆ ವಾಪಸ್ ಬರೋದಿಲ್ಲ. ಆ ಜಾಗ ಖಾಲಿ ಇದೆ. ಉದ್ದಕ್ಕೆ ಒದೀಬೇಡಿ. ಗಿಡ್ಡ ಪಾಸು ಕೊಡಿ, ಕೊಟ್ಟವನು ನಿಲ್ಬೇಡ, ಓಡು. ತಲೆ ಎತ್ತಿ."

ಮೈದಾನದ ಅಂಚಿನಲ್ಲಿ ನಿಂತು ಎರಡನೇ ಅರ್ಧವನ್ನು ಅವರು ಉಸಿರು ಬಿಗಿಹಿಡಿದು ನೋಡಿದರು. ಹುಡುಗರು ಓಡಿದರು. ತಪ್ಪಿದರು, ಮತ್ತೆ ಓಡಿದರು. ಖಾಲಿ ಜಾಗಕ್ಕೆ ಚೆಂಡು ಹೋಯಿತು, ಅಲ್ಲಿಂದ ನಡುವಿಗೆ ಬಂತು, ನಾಲ್ಕು ಕಾಲುಗಳನ್ನು ದಾಟಿ ಬಲೆಗೆ ಬಿತ್ತು. ಶಾಲೆಯ ಗೋಡೆಯ ಕಡೆಯ ಗೋಲು! ಎರಡನೇ ಅರ್ಧದಲ್ಲಿ ಇವರು ಆ ಕಡೆ ಗೋಲು ಹೊಡೆದದ್ದನ್ನು ಅಲ್ಲಿದ್ದವರಾರೂ ಹುಟ್ಟಿದ ಮೇಲೆ ನೋಡಿರಲಿಲ್ಲ. ಎತ್ತರದ ಸಾಲಿನವರೂ ತಗ್ಗಿನ ಸಾಲಿನವರೂ ಜಗಳ ಮರೆತು ಎದ್ದು ಕೂಗಿದರು. ಇನ್ನೊಂದು ಗೋಲಿಗೂ ಬಡಿದಾಡಿದರು. ಚೆಂಡು ಕಂಬಕ್ಕೆ ಹೊಡೆದು ಆಚೆ ಹೋಯಿತು. ಪಂದ್ಯ ಮುಗಿಯಿತು. ಸೋತಿದ್ದರು.

ಸೋತದ್ದು ಸೋತದ್ದೇ. ಮಾವ ತಮ್ಮ ಮನಸ್ಸಿನಲ್ಲಿ ಲೆಕ್ಕ ಚುಕ್ತಾ ಮಾಡಿಕೊಂಡರು. ಕೋಣೆಯ ಬಾಗಿಲಲ್ಲಿ ಮಗಳು ಸಿಕ್ಕಳು.

"ಕಾರ್ಯದರ್ಶಿಗೆ ನಾನೇ ಹೇಳ್ತೀನಮ್ಮ. ಹೊರಗಿನವ್ರನ್ನ ಕರೆಸ್ಕೊಳ್ಲಿ. ನನ್ನಿಂದ ಇಷ್ಟೇ ಆಗಿದ್ದು," ಎಂದರು.

ಮಗಳು ಅವರ ಕೈ ಹಿಡಿದುಕೊಂಡಳು. ಅಷ್ಟರಲ್ಲಿ ಕಾರ್ಯದರ್ಶಿಯೂ ಮೆಟ್ಟಿಲಿಳಿದು ಬಂದು ಅಲ್ಲೇ ನಿಂತ. ಒಳಗೆ ಬೆಂಚಿನ ಮೇಲೆ ಕೂತು ಕೈಗವಸು ಕಳಚುತ್ತಿದ್ದ ಗೋಲ್‌ಕೀಪರು ಗೋಡೆ ತಲೆಯೆತ್ತಿದ.

"ಮಾವ, ನಾಳೆ ಎಷ್ಟೊತ್ತಿಗೆ?"

"ಏನು ಎಷ್ಟೊತ್ತಿಗೆ?"

"ಪ್ರಾಕ್ಟೀಸು. ಆ ಎರಡನೇ ಗೋಲು ನಂದೇ ತಪ್ಪು, ಚೆಂಡು ನೋಡ್ತಾ ನಿಂತ್ಬಿಟ್ಟೆ. ಅದನ್ನ ತಿದ್ಕೋಬೇಕು, ನೀವು ಹೇಳ್ಕೊಡ್ಬೇಕು."

ಮಿಕ್ಕ ಹುಡುಗರೂ ಶೂಗಳ ದಾರ ಬಿಚ್ಚುವುದನ್ನು ಬಿಟ್ಟು ಮಾವನನ್ನೇ ನೋಡುತ್ತಿದ್ದರು, ಉತ್ತರ ಬೇಕೆಂಬಂತೆ. ಮಾವ ಕಾರ್ಯದರ್ಶಿಯ ಕಡೆ ತಿರುಗಿದರು. ಈ ಸಲ ಅವನು ನೆಲ ನೋಡಲಿಲ್ಲ.

"ಹುಡುಗ ಕೇಳ್ತಿದ್ದಾನಲ್ಲ ಮಾವ, ಹೇಳಿ," ಎಂದ.

ಮಾವನ ಕಣ್ಣು ತುಂಬಿ ಬಂದು ನೀರು ಕೆನ್ನೆಗಿಳಿಯಿತು. ತೋಳಿನಿಂದ ಒರೆಸಿಕೊಂಡರು.

"ಆರಕ್ಕೆ," ಎಂದರು. ಮತ್ತೆ ಹೇಳಿದರು, "ಬೇಡ, ಐದೂವರೆಗೇ ಬನ್ನಿ. ಕೆಲಸ ತುಂಬಾ ಇದೆ."