ಬೆಂಕಿ ಎಳೆದ ಬಂಪರು

ಚಹಾ ಆರುವುದರೊಳಗೆ ಕೇಳು ಮಗಾ, ಹಳೇ ಜೀಪು ಬಿಚ್ಚಿ ಹೊಸದು ಕಟ್ಟುವ ನಮ್ಮ ಡಬವಾಲಿಯ ಜೀಪು ಬಜಾರಿನಲ್ಲಿ ವೆಲ್ಡಿಂಗ್ ಕೆಲಸಕ್ಕಿಳಿದ ಮೊದಲ ಸೊಸೆ ಜಸ್ಮೇಲ್. ಅವಳ ಅತ್ತೆಯ ಸಾಸಿವೆಸೊಪ್ಪಿನ ಸಾಗು ತಿಂದಿದ್ದೀಯಲ್ಲ, ಅವಸರಪಟ್ಟರೆ ತಳ ಹಿಡಿಯುತ್ತದೆ; ಅದಿರಲಿ. ಮರಳುಗಾಡಿನ ಪಂದ್ಯಕ್ಕೆ ಹೊರಟಿದ್ದ ಲಖವೀರನ ಜೀಪಿಗೆ ಅವಳು ಮಾಡಿದ ಮೊದಲ ಬಂಪರು ಕೂರಲೇ ಇಲ್ಲ. ಬೆಸುಗೆ ಆರುವಾಗ, ಬಂಪರನ್ನು ಜೀಪಿಗೆ ಹಿಡಿಸುವ ಎರಡೂ ತೋಳುಗಳನ್ನು ಒಳಕ್ಕೆ ಎಳೆದುಕೊಂಡು, ಬೋಲ್ಟಿನ ತೂತುಗಳು ಸರಿದುಬಿಟ್ಟಿದ್ದವು. ಬಜಾರಿಗೆ ಬಜಾರೇ ನೋಡುತ್ತಿತ್ತು. ಇದು ಕೂರದಿದ್ದರೆ ಇನ್ನೊಂದು ಜೀಪು ಅವಳ ಬಾಗಿಲಿಗೆ ಬರುತ್ತಿರಲಿಲ್ಲ.

“ತೂತು ದೊಡ್ಡದು ಮಾಡು ಭಾಭಿ, ನಮ್ಮಪ್ಪನ ಬೆಲ್ಟಿಗೆ ವರ್ಷಾ ವರ್ಷಾ ತೂತು ಹೊಡೀತೀವಲ್ಲ, ಹಂಗೆ,” ಅಂದ ಲಖವೀರ.

“ನಿಮ್ಮಪ್ಪನ ಹೊಟ್ಟೆ ಬಂಡೆಗೆ ಗುದ್ದಲ್ಲ ಕಣಪ್ಪ. ದೊಡ್ಡ ತೂತಲ್ಲಿ ಬೋಲ್ಟು ಅಲ್ಲಾಡಿ ಕಿತ್ಕೊಂಡ್ ಬರುತ್ತೆ. ಸುಮ್ನೆ ಕೂತು ಲಸ್ಸಿ ಕುಡಿ.”

ಒಳಬದಿಯ ಬೆಸುಗೆಯಿಂದ ತೋಳು ಒಳಕ್ಕೆ ಬಾಗಿತ್ತಲ್ಲ, ಅವಳು ಹೊರಬದಿಯನ್ನು ಕೆಂಪಗೆ ಕಾಯಿಸಿ ಆರಲು ಬಿಟ್ಟಳು. ಆರುತ್ತಾ ಆರುತ್ತಾ ಕಾದ ಬದಿ ಕುಗ್ಗಿ, ತೋಳನ್ನು ಹೊರಕ್ಕೆ ಎಳೆಯಿತು. ಬೋಲ್ಟುಗಳು ಬೆರಳಲ್ಲಿ ತಿರುಗಿಸಿದ್ದಕ್ಕೇ ಒಳಗೆ ಹೋದವು. ಲಖವೀರ ಇನ್ನೊಂದು ಲೋಟ ಲಸ್ಸಿ ಕೇಳಿದ.

ಈಗ ಏಳು. ನನ್ನ ತಂದೂರಿ ಒಲೆಯ ಮುಚ್ಚಳ ಸೊಟ್ಟಗಾಗಿದೆ, ಜಸ್ಮೇಲಳಿಗೆ ಕೊಟ್ಟು ಬಾ. ಅಲ್ಲಿ ಜೀಪುಗಳ ಸಾಲು ಉದ್ದ ಇರುತ್ತದೆ. ಅಜ್ಜಿಯದು ಮೊದಲು ಅನ್ನು.